ಪಾವಗಡದ ಎಂಜಿನ್ನಿನ ಬಿಗಿ

ಅಕ್ಟೋಬರ್ 24, 1982. ಭಾನುವಾರ. ಮಧುಗಿರಿ

ಕೊರಟಗೆರೆ ಹೈಸ್ಕೂಲಿನವರ ಎರಡು ಎಂಜಿನ್ ನೋಡಿ ಮುಗಿಸಿದೆ. ಒಂದು ಪಾಸು. ಇನ್ನೊಂದು ಫೇಲು. ಫೇಲಾದದ್ದು ತಂದಾಗ ಭರ್ಜರಿ ಕಂಪ್ರೆಷನ್, ಅಂದರೆ ಒಳಗಿನ ಗಾಳಿಯ ಒತ್ತು, ತೋರಿಸಿತ್ತು. ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಮೂತಿಯ ಫ್ಯಾನು ತಿರುಗಿಸಿದೆ — ಬೆರಳಿಗೆ ಎದುರೇ ಇಲ್ಲ. ಪುಸ್ಸೆಂದು ಹೋಯಿತು. ಹಳೆಯ ಹರಳೆಣ್ಣೆ ಗೋಂದಿನ ಹಾಗೆ ಅಂಟಿ ಸಂದು ಮುಚ್ಚಿತ್ತು, ಅಷ್ಟೆ. ಈ ಆಟ ಕೊರಟಗೆರೆಯವರ ಹತ್ತಿರ ನಡೆಯಬಹುದು. ನನ್ನ ಹತ್ತಿರ ನಡೆಯದು.

ನಿಂಬೆಹಣ್ಣಿನಷ್ಟು ಎಂಜಿನ್. ಮೆಥನಾಲ್, ಹರಳೆಣ್ಣೆ, ನಾಲ್ಕು ಹನಿ ನೈಟ್ರೋ ಕುಡಿದರೆ ನಾಲ್ಕಡಿ ರೆಕ್ಕೆಯ ಮಾಡೆಲ್ ವಿಮಾನವನ್ನು ತಂತಿಯ ತುದಿಯಲ್ಲಿ ಗಿರಗಿರ ಸುತ್ತಿಸುತ್ತದೆ. ಶಿರಾದ ಕಾಡಸಿದ್ದಪ್ಪನವರು ಏರ್‌ಫೋರ್ಸ್‌ನಿಂದ ರಿಟೈರಾಗಿ ಬಂದು ನಾಲ್ಕು ತಾಲ್ಲೂಕಿನ ಹೈಸ್ಕೂಲುಗಳಿಗೆ ಈ ಹುಚ್ಚು ಹಿಡಿಸಿ ಆರು ವರ್ಷವಾಯಿತು. ಅವರ ಕಣ್ಣಿಗೆ ಪೊರೆ ಬಂದ ಮೇಲೆ ಯಾವ ಎಂಜಿನ್ನಾದರೂ ನನ್ನ ಬೆರಳು ದಾಟಿಯೇ ಮೈದಾನಕ್ಕೆ ಹೋಗಬೇಕು. ಅವರದೇ ಮಾತು: "ಗಿರಿಯಪ್ಪ ಪಾಸ್ ಅಂದ್ರೆ ಪಾಸ್. ಖತಂ." ಕ್ರಾಫ್ಟ್ ಮೇಷ್ಟ್ರಿಗೆ ಇಷ್ಟು ಮರ್ಯಾದೆ ಯಾವ ಇಲಾಖೆ ಕೊಟ್ಟಿತ್ತು?

ಅಪ್ಪ ಕುರಿಯ ಬೆನ್ನು ಒತ್ತಿ ತೂಕ ಹೇಳುತ್ತಿದ್ದ. ತಕ್ಕಡಿಗೆ ಹಾಕಿದರೆ ಅರ್ಧ ಸೇರಿನ ವ್ಯತ್ಯಾಸ ಬರುತ್ತಿರಲಿಲ್ಲ. ಆ ಕೈ ನನಗೆ ಬಂದಿದೆ. ಹಟ್ಟಿಯಿಂದ ತಂದ ಆಸ್ತಿ ಅದೊಂದೇ.

ಮನೆಯಾಕೆ ರಂಗಕ್ಕನದು ಒಂದೇ ತಕರಾರು. ಮನೆಯೆಲ್ಲ ಹರಳೆಣ್ಣೆ ವಾಸನೆ. "ಬಾಣಂತಿ ಮನೆ ಆಗೈತೆ. ಮಗು ಒಂದಿಲ್ಲ ಅಷ್ಟೇಯ" ಅಂದಳು. ನಕ್ಕೆ. ಅವಳೂ ನಕ್ಕಳು.

ಅಕ್ಟೋಬರ್ 30. ಶನಿವಾರ. ಸಂಜೆ

ಪಾವಗಡದಿಂದ ಎಂಜಿನ್ ಬಂತು. ತಂದವನು ಅಲ್ಲಿಯ ಶಾಲೆಯ ಜವಾನ ಓಬಳಯ್ಯ. "ಮೇಡಂಗಾರು ಪಂಪಿಚ್ಚಿನಾರು ಸಾರೂ. ಭದ್ರ ಅಂದ್ರು" ಅಂತ, ಮೇಡಂ ಕಳಿಸಿದ್ದೆಂದು ತನ್ನ ತೆಲುಗಿನಲ್ಲಿ ಹೇಳಿ, ಟವೆಲ್ಲಿನೊಳಗಿಂದ ಪೆಟ್ಟಿಗೆ ತೆಗೆದು ಕೊಟ್ಟ.

ಮೇಡಂ ಅಂದರೆ ದೊಡ್ಡಕ್ಕ. ಹೆಸರಷ್ಟೇ ದೊಡ್ಡಕ್ಕ, ವಯಸ್ಸಿನಲ್ಲಿ ಚಿಕ್ಕವಳು. ಸೈನ್ಸ್ ಟೀಚರ್. ಕೆಲಸಕ್ಕೆ ಸೇರಿ ಎರಡು ವರ್ಷವೂ ತುಂಬಿಲ್ಲ, ಇನ್ನೂ ಪ್ರೊಬೇಷನ್. ವಿಮಾನದ ಕ್ಲಬ್ ಆಕೆಯ ಕೈಗೆ ಹೋದಾಗ ನಾನು ಒಳಗೊಳಗೇ ನಕ್ಕಿದ್ದೆ. ಹೋದ ವರ್ಷದ ನಾಲ್ಕು ಶಾಲೆಗಳ ಪಂದ್ಯದಲ್ಲಿ ನೋಡಿದರೆ ಎರಡನೇ ಸ್ಥಾನ. ನಮಗಿಂತ ನಾಲ್ಕೇ ಸುತ್ತು ಹಿಂದೆ.

ಈ ಎಂಜಿನ್ ಹೊರದೇಶದ್ದು. ಹಡಗಿನಲ್ಲಿ ಕೆಲಸ ಮಾಡುವ ಆಕೆಯ ಚಿಕ್ಕಪ್ಪನ ಮಗ ತಂದದ್ದಂತೆ. ಶಾಲೆಗೇ ಕೊಟ್ಟು ಸ್ಟಾಕ್ ರಿಜಿಸ್ಟರಿಗೆ ಸೇರಿಸಿಬಿಟ್ಟಿದ್ದಾಳೆ. ಹೊಳಪು ನೋಡಬೇಕು. ಬಂಗಾರದಂಗಡಿಯಲ್ಲಿ ಇಡುವಂಥದ್ದು. ನಾಲ್ಕು ತಾಲ್ಲೂಕಿನಲ್ಲಿ ಇಂಥದ್ದಿಲ್ಲ. ನಮ್ಮ ಶಾಲೆಯಲ್ಲಂತೂ ಇಲ್ಲ. ಇದು ನೆಟ್ಟಗೆ ಹಾರಿದರೆ ನಮ್ಮ ಕಪ್ಪು ಈ ಸಲ ಪಾವಗಡದ ಬಸ್ಸು ಹತ್ತಿದ ಹಾಗೆಯೇ. ಮೂರು ವರ್ಷದಿಂದ ನಾವೇ ಗೆದ್ದ ಕಪ್ಪು. ಹೊಟ್ಟೆ ಉರಿಯಿತು. ಇಲ್ಲಿ ಸುಳ್ಳು ಯಾಕೆ ಬರೆಯಲಿ, ಚೆನ್ನಾಗಿಯೇ ಉರಿಯಿತು.

ಜೊತೆಗೊಂದು ಚೀಟಿ. "ಸರ್, ಪಿಸ್ಟನ್ ಮೇಲೆ ಬಂದಾಗ ಬಿಗಿ ಹಿಡಿಯುತ್ತದೆ. ಪೆಟ್ಟಿಗೆಯಲ್ಲಿ ಕಂಪನಿಯ ಕಾಗದವಿದೆ. ದಯವಿಟ್ಟು ಅದನ್ನೂ ಓದಿ, ನಿಮ್ಮ ಅಭಿಪ್ರಾಯ ತಿಳಿಸಬೇಕು." ಕಾಗದ ಓದಿ ಎಂಜಿನ್ ನೋಡುವ ಕಾಲ ಬಂತು.

ಅಕ್ಟೋಬರ್ 31. ಭಾನುವಾರ

ಬೆಳಿಗ್ಗೆಯೇ ಕೂತೆ. ಬಿಗಿ ಅಂದರೆ ಅಂತಿಂಥ ಬಿಗಿಯಲ್ಲ. ಪಿಸ್ಟನ್ ಮೇಲಕ್ಕೆ ಬಂದ ಕೂಡಲೇ ಕಿರ್ ಅಂತ ಕೂಗಿ ನಿಲ್ಲುತ್ತದೆ. ಫ್ಯಾನು ತಿರುಗಿಸಲು ಇಡೀ ಮುಂಗೈ ಬೇಕು. ಸೀಮೆಎಣ್ಣೆ ಹಾಕಿ ನೋಡಿದೆ. ಹರಳೆಣ್ಣೆ ಹಾಕಿ ನೋಡಿದೆ. ಅದೇ ಕಿರುಚಾಟ. ಹೊರದೇಶದವರಾದರೇನು, ಪಿಸ್ಟನ್ ಓಡಾಡುವ ಕೊಳವೆಯನ್ನು, ಆ ಲೈನರನ್ನು, ಮೇಲ್ಗಡೆ ಸಣ್ಣಗೆ ಕೊರೆದುಬಿಟ್ಟಿದ್ದಾರೆ. ಈ ಬೆರಳಲ್ಲಿ ನೂರಾರು ಎಂಜಿನ್ ನೋಡಿದ್ದೇನೆ. ಕಬ್ಬಿಣದ ಪಿಸ್ಟನ್, ಉಕ್ಕಿನ ಲೈನರು — ಬೆಣ್ಣೆಯ ಹಾಗೆ ಜಾರಿ ಮೇಲೆ ಬಂದು, ಬೆರಳನ್ನು ಹಿಂದಕ್ಕೆ ಒದೆಯಬೇಕು. ಇದು ಒದೆಯುವುದಿಲ್ಲ, ಕಚ್ಚುತ್ತದೆ.

ಹಿತ್ತಾಳೆ ಉಜ್ಜುವ ಪಾಲಿಷ್ ತಂದು ಪಿಸ್ಟನ್ನಿಗೆ ಹಚ್ಚಿ ತಿರುಗಿಸುತ್ತ ಕೂತೆ. ಕೆಳಗೆ ಹಾಸಲು ಕಂಪನಿಯ ಕಾಗದವೇ ಒದಗಿತು. ಎರಡು ಗಂಟೆ ಕಾಲ. ಕಪ್ಪು ಕೆಸರು ಇಳಿಯಿತು. ಕೂಗು ನಿಂತಿತು. ತೊಳೆದು ಒಣಗಿಸಿ ನೋಡಿದೆ, ಕಂಪ್ರೆಷನ್ ಇದೆ. ಹರಳೆಣ್ಣೆ ಹಾಕಿ ನೋಡಿದೆ. ಆಹಾ. ಮೇಲೆ ಬಂದು ಬೆರಳಿಗೆ ಕೊಡುವ ಒದೆ ಇದೆಯಲ್ಲ, ಬಲ್ಲವನೇ ಬಲ್ಲ.

ಹೊಟ್ಟೆಯುರಿ ಇದ್ದರೂ ಕೆಲಸದಲ್ಲಿ ಮೋಸ ಮಾಡುವವನಲ್ಲ ನಾನು. ಇವತ್ತು ಅದು ಸಾಬೀತಾಯಿತು.

ಏನು ಮಾಡಿದೆ ಅಂತ ಆಕೆಗೆ ಹೇಳುವುದಿಲ್ಲ. ಕೈಗುಣ ಬಾಯಿಬಿಟ್ಟರೆ ಹೋಗುತ್ತದೆ ಅನ್ನುತ್ತಿದ್ದ ಅಪ್ಪ. ಚೀಟಿಯಲ್ಲಿ ಇಷ್ಟೇ ಬರೆದೆ: "ನೋಡಿದ್ದೇನೆ. ಫಸ್ಟ್ ಕ್ಲಾಸ್. ಹಾರಿಸಿ."

ನವೆಂಬರ್ 16. ಮಂಗಳವಾರ

ದೀಪಾವಳಿ. ಹಟ್ಟಿಯಿಂದ ಅವ್ವ ಬಂದಿದ್ದಾಳೆ. ಎಂಜಿನ್ ಒಂದನ್ನು ಕೈಯಲ್ಲಿ ಹಿಡಿದು, "ಇದುಕ್ಕೆ ಹಲ್ಲು ಎಷ್ಟು ಬಂದವೆ?" ಅಂತ ಕೇಳಿದಳು. ಕುರಿಯ ವಯಸ್ಸು ಹಲ್ಲಿನಲ್ಲಿ. ಒಂದೇ ಹಲ್ಲು ಕಣವ್ವ, ಅದು ಸವೆದರೆ ಮುಗೀತು, ಅಂದೆ.

ನವೆಂಬರ್ 28. ಭಾನುವಾರ. ಸಂಜೆ 7

ಕಪ್ಪು ನಮ್ಮದೇ. ನಾಲ್ಕನೇ ವರ್ಷ.

ಪಾವಗಡದವರ ವಿಷಯ ಬರೆಯಬೇಕು. ಬೆಳಿಗ್ಗೆ ಚಳಿ. ಬೆಟ್ಟದ ನೆರಳು ಇನ್ನೂ ಮೈದಾನದ ಮೇಲಿತ್ತು. ಆ ಎಂಜಿನ್ ಎರಡನೇ ತಟ್ಟಿಗೇ ಹತ್ತಿತು. ವಿಮಾನ ಮೇಲೆದ್ದಾಗ ಕಪ್ಪು ಹೋಯಿತು ಅಂದುಕೊಂಡೆ, ಅಂಥ ಶಬ್ದ. ಆರು ಸುತ್ತು ಚೆನ್ನಾಗಿತ್ತು. ಏಳರಲ್ಲಿ ದನಿ ಇಳಿಯಿತು. ಒಂಬತ್ತರಲ್ಲಿ ಕೆಮ್ಮಿ ನಿಂತಿತು. ವಿಮಾನ ಮೂತಿ ಕೆಳಗೆ ಮಾಡಿ ಬಿತ್ತು. ಇನ್ನೊಮ್ಮೆ ಹಚ್ಚಲು ಹೋದರು, ಹತ್ತಲೇ ಇಲ್ಲ.

ಎಲ್ಲರೂ ನನ್ನ ಮುಖ ನೋಡಿದರು. ಹೋಗಿ ಮುಟ್ಟಿದೆ. ಎಂಜಿನ್ ಕಾದು ಕೆಂಡ. ನೋಡಿದ ಕೂಡಲೇ ಗೊತ್ತಾಯಿತು. ಇಂಧನ ಬಿಡುವ ಸೂಜಿಯನ್ನು ವಿಪರೀತ ಬಿಗಿ ಮಾಡಿದ್ದಾಳೆ, ಎಣ್ಣೆ ಸಾಲದೆ ಬೆಂದಿದೆ. ಹಾಗೆಯೇ ಹೇಳಿದೆ. ನಾಲ್ಕೂ ಶಾಲೆಯವರ ಮುಂದೆ, ಜೋರಾಗಿ.

ದೊಡ್ಡಕ್ಕ ಹತ್ತಿರ ಬಂದಳು. "ಸೂಜಿ ಸರಿಯಾಗೇ ಇತ್ತು ಸಾರ್. ಮೊದ್ಲು ಮೇಲ್ಗಡೆ ಬಿಗಿ ಹಿಡೀತಿತ್ತಲ್ಲ, ಈಗ ಹಿಡಿಯಲ್ಲ. ಆ ಕಾಗ್ದದಲ್ಲಿ..."

"ಬಿಗಿ ಇದ್ರೆ ಎಂಜಿನ್ ಓಡಲ್ಲ ಕಣಮ್ಮ. ಪಾಠ ಮಾಡೋದಲ್ಲ ಇದು, ಕೈ ಬೇಕು" ಅಂದೆ. ಜನ ನಕ್ಕರು. ಆಕೆ ಬಿದ್ದ ವಿಮಾನದ ಚೂರು ಆರಿಸುತ್ತ ಕೂತಳು.

ಹಾಗೆ ಹೇಳಬಾರದಿತ್ತೇನೋ. ಆದರೆ ಮಾತು ನಿಜ.

ಡಿಸೆಂಬರ್ 1. ಬುಧವಾರ

ಪಾವಗಡದ ಹೆಡ್‌ಮಾಸ್ಟರ್ ಪರ್ವತಯ್ಯ ಖುದ್ದಾಗಿ ಬಂದಿದ್ದರು. ಹೆಸರಿಗೆ ಪರ್ವತ, ಇನ್ಸ್‌ಪೆಕ್ಷನ್‌ಗೆ ಯಾರಾದರೂ ಬಂದರೆ ಹುತ್ತ. ಆಕೆಯ ಮೇಲೆ ಮೊದಲಿಂದಲೂ ಅವರಿಗೆ ಅಸಮಾಧಾನ. ಪಾಠದ ಹೊತ್ತಿನಲ್ಲಿ ನಿದ್ದೆ ಹೊಡೆಯುವ ಹೆಡ್‌ಮಾಸ್ಟರಿಗೆ, ಪಾಠ ಮುಗಿದ ಮೇಲೂ ಶಾಲೆಯಲ್ಲಿರುವ ಟೀಚರ್ ಕಂಡರೆ ಆಗದು.

"ಶಾಲೆ ವಸ್ತು ಹಾಳಾಗೈತೆ. ನೀವು ಬರವಣಿಗೇಲಿ ಕೊಟ್ರೆ ನಾನು ಮೆಮೊ ಕೊಡ್ತೀನಿ" ಅಂದರು. ಕೊಟ್ಟೆ. "ಬಳಸಿದವರ ಅಜಾಗರೂಕತೆಯಿಂದ ಎಂಜಿನ್ ಅತಿಯಾಗಿ ಕಾದು ಕಂಪ್ರೆಷನ್ ನಷ್ಟವಾಗಿದೆ. ತಯಾರಿಕೆಯ ದೋಷವಿಲ್ಲ." ಕೆಳಗೆ ಎಂ. ಮೂಡಲಗಿರಿಯಪ್ಪ ಅಂತ ರುಜು. ಅಕ್ಷರ ಚೆನ್ನಾಗಿ ಬಂದಿತ್ತು. ರಿಪೇರಿ ಆಗುತ್ತದೋ ನೋಡಿ ಅಂತ ಎಂಜಿನ್ ನನ್ನ ಬಳಿಯೇ ಬಿಟ್ಟು ಹೋದರು.

ಡಿಸೆಂಬರ್ 17. ಶುಕ್ರವಾರ

ಎರಡು ವಾರ ಬರೆದಿಲ್ಲ. ಪರೀಕ್ಷೆ, ಪೇಪರು. ಇವತ್ತು ಬರೆಯಲೇಬೇಕು.

ಸಂಜೆ ರಂಗಕ್ಕ ಗೂಡಿನಿಂದ ಒಂದು ಕಾಗದ ಎಳೆದಳು. "ಇಂಗ್ಲೀಸ್ ಕಾಗ್ದ. ಮೈಯೆಲ್ಲ ಮಸಿ. ಬೇಕಾ, ಒಲೆಗೆ ಹಾಕ್ಲಾ?" ಹಾಕು ಅನ್ನುವುದರಲ್ಲಿದ್ದೆ. ಚಿತ್ರ ಕಂಡಿತು. ಲೈನರಿನ ಚಿತ್ರ, ಉದ್ದುದ್ದ ಸೀಳಿದಂತೆ. ಮೇಲ್ಗಡೆ ಕಿರಿದು, ಕೆಳಗೆ ಅಗಲ. ಬೇಕೆಂದೇ ಹಾಗೆ ಕೊರೆದದ್ದು. ಅಳತೆ ಸಮೇತ.

ಡಿಕ್ಷನರಿ ಇಟ್ಟುಕೊಂಡು ಓದಿದೆ. ಪಿಸ್ಟನ್ ಅಲ್ಯೂಮಿನಿಯಂ. ಲೈನರು ಹಿತ್ತಾಳೆ, ಒಳಗೆ ಕ್ರೋಮ್. ತಣ್ಣಗಿದ್ದಾಗ ಮೇಲ್ತುದಿಯಲ್ಲಿ ಬಿಗಿ ಹಿಡಿಯುವುದು ಸಹಜ. ಎಂಜಿನ್ ಕಾದರೆ ಹಿತ್ತಾಳೆ ಹೆಚ್ಚು ಹಿಗ್ಗುತ್ತದೆ, ಆಗ ಎರಡೂ ಸರಿಯಾಗಿ ಕೂಡುತ್ತವೆ. ಯಾವ ಕಾರಣಕ್ಕೂ ಉಜ್ಜಿ ಸಡಿಲ ಮಾಡಬೇಡಿ. ಈ ಕೊನೆಯ ಸಾಲು ದಪ್ಪಕ್ಷರದಲ್ಲಿತ್ತು. ಅದರ ಮೇಲೆಯೇ ನನ್ನ ಪಾಲಿಷಿನ ಕೆಸರು.

ಕಂಪನಿಯವರು ಏನು ಬೇಕಾದರೂ ಬರೆಯುತ್ತಾರೆ, ನನ್ನ ಬೆರಳು ಹೇಳಲಿ ಅಂದುಕೊಂಡೆ. ಆ ಎಂಜಿನ್ ತೆಗೆದೆ. ತಣ್ಣಗೆ ತಿರುಗಿಸಿದೆ — ಒದೆಯಿತು. ಹಂಡೆಯ ಕುದಿನೀರಿನಲ್ಲಿ ಐದು ನಿಮಿಷ ಇಟ್ಟೆ. ಬಟ್ಟೆಯಲ್ಲಿ ಹಿಡಿದು ತಿರುಗಿಸಿದೆ.

ಗಾಳಿ. ಬರೀ ಗಾಳಿ.

ಮೂರು ಸಲ ಮಾಡಿದೆ. ತಣ್ಣಗಿದ್ದರೆ ಇದೆ, ಬಿಸಿಯಾದರೆ ಇಲ್ಲ. ಕಬ್ಬಿಣದ ಎಂಜಿನ್ನುಗಳನ್ನು ನಾನು ಯಾವತ್ತೂ ತಣ್ಣಗೇ ನೋಡಿದ್ದು. ಇದನ್ನೂ ಹಾಗೆಯೇ ನೋಡಿದೆ. ಆಕೆಯ ಸೂಜಿ ಸರಿಯಾಗಿತ್ತು. ಒಂಬತ್ತು ಸುತ್ತಾದರೂ ಹಾರಿಸಿದಳಲ್ಲ, ಅದೇ ಆಕೆಯ ಕೈಚಳಕ.

ರಂಗಕ್ಕನಿಗೆ ಎಲ್ಲ ಹೇಳಿದೆ. ನಗುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. "ಆಯಮ್ಮನ ನೌಕ್ರಿ ಏನಾಯ್ತದೆ?" ಅಂತ ಕೇಳಿದಳು. ನನಗೆ ಅದು ಹೊಳೆದೇ ಇರಲಿಲ್ಲ. ನನ್ನ ಬೆರಳಿನ ಚಿಂತೆಯಲ್ಲೇ ಇದ್ದೆ.

ಡಿಸೆಂಬರ್ 18. ಶನಿವಾರ

ಮೊದಲ ಬಸ್ಸಿಗೆ ಪಾವಗಡಕ್ಕೆ ಹೋದೆ. ರಜೆ ಚೀಟಿಯಲ್ಲಿ ಹೊಟ್ಟೆನೋವು ಅಂತ ಬರೆದೆ. ಸುಳ್ಳೇನಲ್ಲ.

ದೊಡ್ಡಕ್ಕ ಗೇಟಿನ ಹತ್ತಿರವೇ ಸಿಕ್ಕಳು. ಅಲ್ಲೇ ನಿಲ್ಲಿಸಿ ಹೇಳಿದೆ. ಪಾಲಿಷ್, ಎರಡು ಗಂಟೆ, ಕಾಗದ, ಕುದಿನೀರು, ಎಲ್ಲ. ಆಕೆ ಕೈಯಲ್ಲಿದ್ದ ಹಾಜರಿ ಪುಸ್ತಕ ಎದೆಗೆ ಒತ್ತಿಕೊಂಡು ಕೇಳಿದಳು.

"ಮೂರ್ ವಾರದಿಂದ ನನ್ ಕೈಯೇ ಸರಿ ಇಲ್ಲ ಅಂದ್ಕೊಂಡಿದ್ದೆ ಸಾರ್. ಕಾಗ್ದ ಓದಿದ್ದೆ ನಾನು. ನೀವು ಫಸ್ಟ್ ಕ್ಲಾಸ್ ಅಂದ್ಮೇಲೆ ಕಾಗ್ದದವರ್ಗೇನು ಗೊತ್ತು ಅಂತ ಸುಮ್ನಾಗ್ಬುಟ್ಟೆ." ಆಮೇಲೆ, "ಅಷ್ಟು ಜನರ ಮುಂದೆ ಅಂದ್ರಲ್ಲ. ಈಗ ಗೇಟಿನ ಹತ್ರ ಒಬ್ಬಳಿಗೇ ಹೇಳ್ತಾ ಇದೀರಿ" ಅಂದಳು.

ಸೋಮವಾರ ಮಧ್ಯಾಹ್ನದ ಟಪಾಲಿಗೆ ಆಕೆಯ ಪ್ರೊಬೇಷನ್ ಕಾಗದ ತುಮಕೂರಿಗೆ ಹೋಗುತ್ತದಂತೆ. ಅದಕ್ಕೆ ಮೆಮೊ, ಮೆಮೊಗೆ ನನ್ನ ವರದಿ ಸೇರಿಸಿ ಪಿನ್ನು ಹಾಕಿದ್ದಾರಂತೆ. "ಅಪ್ಪಂಗೆ ಇನ್ನೂ ಹೇಳಿಲ್ಲ" ಅಂದಳು. ಅಪ್ಪ ಕದಿರಯ್ಯ ಕಲ್ಲು ಒಡೆದು ಓದಿಸಿದವರು. ಆ ಊರಿಗೆಲ್ಲ ಗೊತ್ತು.

ಸೀದಾ ಹೆಡ್‌ಮಾಸ್ಟರ್ ಕೊಠಡಿಗೆ ಹೋಗಿ ಹೇಳಿದೆ. ನನ್ನ ಮಾತಿಗೆ ಎದುರಾಡಿದವರು ಈ ನಾಲ್ಕು ತಾಲ್ಲೂಕಿನಲ್ಲಿ ಇಲ್ಲ. ಒಂದು ನಿಮಿಷದ ಕೆಲಸ ಅಂದುಕೊಂಡಿದ್ದೆ.

ಪರ್ವತಯ್ಯನವರು ನಂಬಲಿಲ್ಲ.

"ನಿಮ್ದು ದೊಡ್ಡ ಮನಸ್ಸು ಗಿರಿಯಪ್ಪನೋರೆ. ಆಯಮ್ಮ ಬಂದು ಅತ್ಲಾ? ನಿಮ್ ಬೆರಳು ತಪ್ಪು ಮಾಡ್ತದೆ ಅಂದ್ರೆ ನಾನು ನಂಬಬೇಕಾ?" ಅಂದರು. ಎಂಜಿನ್ ತೆಗೆದು, ಬಿಸಿನೀರು ತರಿಸಿ, ತಿರುಗಿಸಿ ತೋರಿಸಿದೆ. "ಅದೇ ಅಲ್ವಾ ನೀವು ಬರ್ದಿರೋದು. ಆಯಮ್ಮ ಸುಟ್ಟಿದ್ದಕ್ಕೇ ಹಿಂಗಾಗೈತೆ." ಕಾಗದ ತೋರಿಸಿದೆ. "ಉಜ್ಜಬೇಡಿ ಅಂತೈತೆ. ಉಜ್ಜಿದ್ದು ಯಾರು ಅಂತ ಎಲ್ಲೈತೆ?" ನಾನು, ಅಂದೆ. "ನೋಡಿದೋರು?" ಯಾರೂ ಇಲ್ಲ. ನಾನೇ ಬೇಕೆಂದು ಯಾರಿಗೂ ಹೇಳಿರಲಿಲ್ಲ.

"ಬರವಣಿಗೇಲಿ ಒಂದು ಕೊಟ್ಟು ಬಾಯಲ್ಲಿ ಒಂದು ಹೇಳಿದ್ರೆ ನಾನು ಯಾವುದು ಹಿಡೀಲಿ? ಆವತ್ತಿನ ದಿನಾನೇ ಬರ್ದಿದ್ದು ಏನಾದ್ರೂ ಇದ್ರೆ ತನ್ನಿ. ಸೋಮವಾರ ಹನ್ನೆರಡರ ಒಳಗೆ." ಅಷ್ಟು ಹೇಳಿ ಗಂಟೆ ಒತ್ತಿದರು.

ಆರು ವರ್ಷ ಕಷ್ಟಪಟ್ಟು ಕಟ್ಟಿದ ಹೆಸರು. ನಾನು ತಪ್ಪು ಅಂದರೆ ಯಾರೂ ನಂಬದಷ್ಟು ಗಟ್ಟಿಯಾಗಿ ಕಟ್ಟಿದ್ದೇನೆ. ಬಸ್ಸಿನಲ್ಲಿ ನಗು ಬಂತು. ಪಕ್ಕದವನು ನೋಡಿದ.

ಡಿಸೆಂಬರ್ 19. ಭಾನುವಾರ

ಆವತ್ತಿನ ದಿನವೇ ಬರೆದದ್ದು ಇದೆ. ಈ ಪುಸ್ತಕದಲ್ಲಿದೆ. ಅಕ್ಟೋಬರ್ 31. ಪಾಲಿಷ್, ಎರಡು ಗಂಟೆ, ಕಪ್ಪು ಕೆಸರು.

ಈ ಪುಸ್ತಕ ರಂಗಕ್ಕ ಕೂಡ ಓದಿಲ್ಲ. ಓದು ಬರುವುದಿಲ್ಲ ಅನ್ನುವುದು ಬೇರೆ ಮಾತು.

ಆ ಹಾಳೆಯೊಂದನ್ನು ಹರಿದು ಕೊಡೋಣ ಅಂತ ಬ್ಲೇಡು ತಂದೆ. ಹಾಳೆ ತಿರುಗಿಸಿದೆ. ಅದರ ಬೆನ್ನಿಗೇ ಅಕ್ಟೋಬರ್ 30. "ನಮ್ಮ ಕಪ್ಪು ಈ ಸಲ ಪಾವಗಡದ ಬಸ್ಸು ಹತ್ತಿದ ಹಾಗೆಯೇ... ಹೊಟ್ಟೆ ಉರಿಯಿತು." ನನ್ನದೇ ಅಕ್ಷರ. ಹಿಂದಿನ ದಿನ ಹೊಟ್ಟೆಯುರಿ, ಮಾರನೆಯ ದಿನ ಪಾಲಿಷ್. ಇದನ್ನು ಓದಿದವರು ಏನಂದುಕೊಳ್ಳುತ್ತಾರೆ? ಬೇಕೆಂದೇ ಕೆಡಿಸಿದ ಅನ್ನುತ್ತಾರೆ. ಕಪ್ಪು ಹೋಗುತ್ತದೆ, ಹೋಗಲಿ. ಮೆಮೊ ನನಗೆ ಬರಬಹುದು. ಅದಕ್ಕಿಂತ, ಕಾಡಸಿದ್ದಪ್ಪನವರ ಕಿವಿಗೆ ಬೀಳುತ್ತದಲ್ಲ. ಗಿರಿಯಪ್ಪ ಕಳ್ಳ ಅಂತ. ತಪ್ಪು ಮಾಡಿದೆ ಅನ್ನಿಸಿಕೊಳ್ಳಬಲ್ಲೆ. ಮೋಸ ಮಾಡಿದೆ ಅನ್ನಿಸಿಕೊಳ್ಳಲಾರೆ.

ನಾನು ಬೇಕೆಂದು ಮಾಡಿದ್ದಲ್ಲ. ದೇವರಾಣೆಗೂ ಅಲ್ಲ. ಆದರೆ ಇವತ್ತು ನೂರು ಸಲ ಕೇಳಿಕೊಂಡೆ: ಅದು ನಮ್ಮ ಶಾಲೆಯ ಎಂಜಿನ್ ಆಗಿದ್ದರೆ ಕಾಗದ ಓದುತ್ತಿದ್ದೆನೇ?

ಓದುತ್ತಿದ್ದೆ ಅನ್ನಿಸುತ್ತದೆ.

ಬೇರೆ ಹಾಳೆಯಲ್ಲಿ 31ನೇ ತಾರೀಖಿನದಷ್ಟನ್ನೇ ನಕಲು ಮಾಡೋಣ ಅಂದರೆ, ನಕಲಿಗೆ ಏನು ಬೆಲೆ? ಇಂಕು ಹೊಸದು. ಪರ್ವತಯ್ಯ ನಿದ್ದೆಗಣ್ಣಲ್ಲೂ ಹಿಡಿಯುತ್ತಾರೆ. ಕೊಟ್ಟರೆ ಪೂರ್ತಿ ಪುಸ್ತಕ ಕೊಡಬೇಕು. ಅವರನ್ನು ಹುತ್ತ ಅಂದಿರುವುದೂ ಇದರಲ್ಲೇ ಇದೆ.

ರಂಗಕ್ಕ ಬ್ಲೇಡು ಎತ್ತಿಟ್ಟಳು. "ಏನ್ ಬರ್ದಿದ್ರೋ ಕಾಣೆ. ಬರ್ಯಾಕೆ ನಾಚ್ಕೆ ಆಗಿಲ್ವಲ್ಲ, ಕೊಡಾಕೆ ಯಾಕೆ?" ಅಂದಳು.

ಡಿಸೆಂಬರ್ 20. ಸೋಮವಾರ. ಬೆಳಿಗ್ಗೆ 11-20. ಪಾವಗಡ

ಹೆಡ್‌ಮಾಸ್ಟರ್ ಕೊಠಡಿಯ ಹೊರಗಿನ ಬೆಂಚು. ಒಳಗೆ ಯಾರೋ ಇದ್ದಾರೆ. ಪುಸ್ತಕ ತೊಡೆಯ ಮೇಲಿದೆ. ಹಾಳೆ ಹರಿದಿಲ್ಲ, ಒಂದು ಅಕ್ಷರ ಹೊಡೆದಿಲ್ಲ.

ಬರುವಾಗ ಶಿರಾಕ್ಕೆ ಒಂದು ಕಾಗದ ಟಪಾಲಿಗೆ ಹಾಕಿದೆ. ಕಾಡಸಿದ್ದಪ್ಪನವರಿಗೆ. ಬೇರೆಯವರ ಬಾಯಿಂದ ಕೇಳುವುದು ಬೇಡ. ನಾಲ್ಕೂ ಶಾಲೆಯವರನ್ನು ಒಂದು ಭಾನುವಾರ ಅದೇ ಮೈದಾನಕ್ಕೆ ಕರೆಸಿ, ಅಲ್ಲಿ ಅಂದದ್ದನ್ನು ಅಲ್ಲಿಯೇ ವಾಪಸ್ ತೆಗೆದುಕೊಳ್ಳುತ್ತೇನೆ, ಜೋರಾಗಿಯೇ, ಅಂತ ಬರೆದಿದ್ದೇನೆ.

ದೊಡ್ಡಕ್ಕ ಕ್ಲಾಸಿನ ನಡುವೆಯೇ ಎದ್ದು ಬಂದು ಬೆಂಚಿನ ಬಳಿ ನಿಂತಳು. ಪುಸ್ತಕ ನೋಡಿದಳು.

"ಅದ್ರಲ್ಲಿ ನನ್ ವಿಷ್ಯ ಏನ್ ಬರ್ದಿದೀರಿ ಸಾರ್?"

"ಚೆನ್ನಾಗಿಲ್ಲದ್ದು ಬರೆದಿದೀನಿ ಕಣಮ್ಮ."

"ನೀವು ಬೇಕಂತ ಮಾಡಿದ್ರಾ?" ಸೀದಾ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು.

ಇಲ್ಲ ಅಂದೆ. ನಂಬಿದಳೋ ಇಲ್ಲವೋ, ಕ್ಲಾಸಿಗೆ ಹೋದಳು. ಈಗ ಆಕೆಯ ಪಾಠ ಇಲ್ಲಿಗೆ ಕೇಳಿಸುತ್ತಿದೆ. ಶಾಖದಿಂದ ಲೋಹ ಹಿಗ್ಗುತ್ತದೆ ಅಂತ ಎಂಟನೇ ಕ್ಲಾಸಿಗೆ ಹೇಳುತ್ತಿದ್ದಾಳೆ. ಬೇಕೆಂದೇ ಇಂದು ತೆಗೆದಳೋ, ಪಾಠವೇ ಅಲ್ಲಿಗೆ ಬಂದಿತ್ತೋ.

11-45. ಓಬಳಯ್ಯ ಬಾಗಿಲು ತೆಗೆದ. "ರಮ್ಮಂಟಾರು ಸಾರೂ" ಅಂದ, ಒಳಗೆ ಕರೆಯುತ್ತಿದ್ದಾರೆ. ಒಂದು ನಿಮಿಷ ಅಂದೆ.

ಪರ್ವತಯ್ಯನವರೇ, ಇದನ್ನು ಯಾರೂ ಓದುವುದಿಲ್ಲ ಅಂತ ಬರೆಯುತ್ತ ಬಂದವನು ನಾನು. ಈಗ ನೀವು ಓದುತ್ತೀರಿ. ಮೊದಲಿನಿಂದ ಪೂರ್ತಿ ಓದಿ. ನಿಮ್ಮ ಬಗ್ಗೆ ಬರೆದದ್ದಕ್ಕೆ ಸಿಟ್ಟು ಬಂದರೆ ನನ್ನ ಮೇಲೆ ತೀರಿಸಿಕೊಳ್ಳಿ. ನನ್ನನ್ನು ಕಳ್ಳ ಅಂದರೂ ಅನ್ನಿ. ಆದರೆ ಆ ವರದಿಯ ಪಿನ್ನು ತೆಗೆಯಿರಿ. ಸೂಜಿ ಸರಿಯಾಗಿತ್ತು. ಆ ಹೆಣ್ಣುಮಗಳ ಕೈಯೂ ಸರಿಯಾಗಿತ್ತು. ತಪ್ಪಿದ್ದು ನನ್ನದು.